ನಮ್ಮ ಹಟ್ಟಿ ಹುಟ್ಟಿದ್ದು ಯಾವಾಗ ಅಂತ ಪತ್ತೆ ಮಾಡೋದು ಹೇಗೆ?

ಹಟ್ಟಿಮಗಳು, ಶಿರಾ ತಾಲ್ಲೂಕು:
ಎಲ್ಲರಿಗೂ ನಮಸ್ಕಾರ. ನಮ್ಮದು ನಲವತ್ತು ಮನೆಯ ಗೊಲ್ಲರಹಟ್ಟಿ. ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡ್ತೀವಿ ಅಂತ ಓಡಾಟ ಶುರುವಾಗಿದೆ. ಓದಿದವಳು ನೀನೇ, ಹಟ್ಟಿ ಬಗ್ಗೆ ಎರಡು ಪುಟ ಬರೆದುಕೊಡು ಅಂತ ಊರವರು ನನಗೆ ಒಪ್ಪಿಸಿದ್ದಾರೆ. ಮೊದಲ ಸಾಲಲ್ಲೇ ನಿಂತುಬಿಟ್ಟಿದ್ದೀನಿ. ಹಟ್ಟಿ ಶುರುವಾಗಿದ್ದು ಯಾವಾಗ?

ಅಜ್ಜಿ ಹೇಳೋದು ಇಷ್ಟು. ಅವರ ಮಾವನ ತಾತ ದನ ಹೊಡ್ಕೊಂಡು ಬಂದು ಹುಣಸೆಮರದ ದಿಬ್ಬದ ಮೇಲೆ ರೊಪ್ಪ ಹಾಕಿದ್ರಂತೆ. ಸುತ್ತ ಮುಳ್ಳುಬೇಲಿ, ಒಳಗೆ ದನ, ಚಿರತೆ ಬರದ ಹಾಗೆ ಬಾಗಿಲಲ್ಲಿ ರಾತ್ರಿಯೆಲ್ಲ ಬೆಂಕಿ. ಹುಲ್ಲು ಮುಗಿದ ಮೇಲೆ ಎದ್ದು ಹೋಗೋರು, ಮುಂದಿನ ಮಳೆಗೆ ಮತ್ತೆ ಬರೋರು. ಯಾವ ಕಾಲ ಅಜ್ಜಿ ಅಂದ್ರೆ "ಧಾತು ಬರಕ್ಕಿಂತ ಮುಂಚೆ" ಅಂತಾರೆ.

ಹೋದ ವಾರ ಆ ದಿಬ್ಬ ಹತ್ತಿ ನೋಡಿದೆ. ಸುತ್ತಲ ಹೊಲವೆಲ್ಲ ಕೆಂಪು ಮಣ್ಣು, ಅಲ್ಲಿ ಮಾತ್ರ ಬೂದು ಬಣ್ಣ. ಬೆರಳಲ್ಲಿ ಉಜ್ಜಿದ್ರೆ ವಿಭೂತಿ ಥರ ನುಣ್ಣಗೆ. ಅರ್ಧ ಹೂತುಹೋದ ಗುಂಡುಕಲ್ಲುಗಳು ಬಳೆ ಹಾಗೆ ಸುತ್ತ ಇವೆ, ಅಡ್ಡಕ್ಕೆ ಅಳೆದ್ರೆ 32 ಹೆಜ್ಜೆ. ಜೆಸಿಬಿ ಬಂದ್ರೆ ಒಂದು ಗಂಟೆಯಲ್ಲಿ ಎಲ್ಲ ಹೋಗುತ್ತೆ, ಅದೇ ನನ್ನ ಭಯ. ಯಾವ ಕಾಗದ ಹುಡುಕಲಿ?

ನಿವೃತ್ತ ಭೂಮಾಪಕ, ಮಧುಗಿರಿ:
ತಂಗಿ, ಮೊದಲು ಆ ಕಲ್ಲುಗಳ ಫೋಟೋ ತೆಗೆದಿಡು. ಕಾಗದದ ವಿಚಾರಕ್ಕೆ ಬಂದ್ರೆ, ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. ತಾಲ್ಲೂಕು ಸರ್ವೆ ಕಚೇರಿಯಲ್ಲಿ ನಿಮ್ಮ ಹಟ್ಟಿ ಹೆಸರು ಹೇಳಿದ್ರೆ ಏನೂ ಸಿಗಲ್ಲ, ಯಾಕಂದ್ರೆ ಅದು ಮಜರೆ, ಅಂದ್ರೆ ದೊಡ್ಡ ಗ್ರಾಮಕ್ಕೆ ಸೇರಿದ ಸಣ್ಣ ಊರು. ಯಾವ ದಾಖಲೆ ಗ್ರಾಮಕ್ಕೆ ಸೇರಿದೆಯೋ ಅದರ ಹಳೇ ಗ್ರಾಮ ನಕ್ಷೆ ಮತ್ತು ಮೂಲ ಟಿಪ್ಪಣಿಯ (ಅಳೆದಾಗ ಬರೆದ ಸರ್ವೆ ನಂಬರಿನ ನಕ್ಷೆ) ನಕಲು ಕೇಳು. ಬಾವಿ, ಕಟ್ಟೆ, ಗುಡಿ, ಬಂಡಿದಾರಿ ಗುರುತು ಮಾಡಿರ್ತಾರೆ. ದಿಬ್ಬ ಇರೋ ಸರ್ವೆ ನಂಬರ್ ಊರ ದನ ಮೇಯೋ ಗೋಮಾಳವೋ, ಸರ್ಕಾರಿ ದನಕ್ಕೆ ಬಿಟ್ಟ ಕಾವಲೋ ಅಂತಾನೂ ನೋಡು. ನಕ್ಷೆಯಲ್ಲಿ ಮನೆ ಕಾಣಲಿಲ್ಲ ಅಂತ ಎದೆ ಒಡ್ಕೋಬೇಡ. ಅಳೆಯೋಕೆ ಬಂದವರು ಉತ್ತ ಹೊಲ ನೋಡ್ತಿದ್ರು. ದನದ ಹಿಂದೆ ಹೋದವರನ್ನ ಯಾರು ಬರ್ಕೋತಾರೆ?

ಹಳೇ ಮೇಷ್ಟ್ರು, ಚಿಕ್ಕನಾಯಕನಹಳ್ಳಿ:
ನಿಮ್ಮಜ್ಜಿ ಇಸವಿಯನ್ನೇ ಹೇಳಿದ್ದಾರಮ್ಮ. ಧಾತು ಸಂವತ್ಸರ ಅಂದ್ರೆ 1876-77, ಅದರ ಹಿಂದೆಯೇ ಈಶ್ವರ. ಆ ಎರಡು ವರ್ಷದ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲಿ ಒಂದು ಪಾಲು ಜನ ಇಲ್ಲವಾದರು. ಅದಕ್ಕೂ ಮುಂಚೆ ಅಂದ್ರೆ ನಿಮ್ಮ ರೊಪ್ಪಕ್ಕೆ ಕಮ್ಮಿಯೆಂದರೂ 150 ವರ್ಷ.

ಕಾವಲಿನ ಮಾತು ಬಂತಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದ್ರೆ ಅರಮನೆಯ ದನಗಳ ಇಲಾಖೆ, ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯಿತು. ಅದರ ಕಾವಲುಗಳಲ್ಲಿ ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಅಂತ ಮೂರು ಬಗೆ ಇದ್ದವು. ಹುಲ್ಲು ನೀರು ನೋಡಿಕೊಂಡು ದನ ಸಾಗಬೇಕು, ಅದಕ್ಕೆ. ನಿಮ್ಮವರು ಬಂದು ಹೋಗಿ ಮಾಡುತ್ತಿದ್ದದ್ದೂ ಅದೇ ಲೆಕ್ಕ. ಬೂದು ಮಣ್ಣು ಕೊಳೆತ ಸಗಣಿಯದೇ ಇರಬೇಕು. ಬಳ್ಳಾರಿ ಕಡೆಯ ಕುಡತಿನಿಯಲ್ಲಿ ನವಶಿಲಾಯುಗದ ಬೂದಿದಿಬ್ಬ ಇದೆ. ದನ ಕೂಡಿದ ಜಾಗದ ಸಗಣಿ ಸುಟ್ಟು ಸುಟ್ಟು ಆದದ್ದು. ನಿಮ್ಮದು ಅಷ್ಟು ಹಳೆಯದಲ್ಲ, ಆದರೂ ಒಂದು ಹಿಡಿ ಮಣ್ಣು ಡಬ್ಬಿಯಲ್ಲಿ ಎತ್ತಿಡಿ.

ಇನ್ನೊಂದು ಹಟ್ಟಿಯ ಅಕ್ಕ, ಪಾವಗಡ:
ಕಾಗದ ಆಮೇಲೆ ನೋಡೋಣ ತಾಯಿ. ನಿಮ್ಮ ದೇವರ ಪೆಟ್ಟಿಗೆ ಯಾವ ಹಟ್ಟಿಯಿಂದ ಬಂತು ಅಂತ ಪೂಜಾರಪ್ಪನ್ನ ಕೇಳು. ನಮ್ಮ ಗೊಲ್ಲರ ದೈವ ಜುಂಜಪ್ಪನ ಪದ ಹೇಳೋರು, ಗಣೆ (ಉದ್ದನೆ ಬಿದಿರ ಕೊಳಲು) ಊದೋರು ಇದ್ರೆ ಅವರನ್ನೂ ಕೇಳು, ದಾರಿ ಅವರ ಬಾಯಲ್ಲಿರುತ್ತೆ.

ಇನ್ನೊಂದು ಮಾತು. ಗಂಡಸರು ಎಲ್ಲಿ ರೊಪ್ಪ ಹಾಕಿದ್ರು ಅಂತ ಬರೀತೀಯ, ಸರಿ. ಮುಟ್ಟಾದೋರು, ಹೆತ್ತೋರು ಕೂತಿದ್ದ ಗುಡ್ಲು ಎಲ್ಲಿತ್ತು ಅಂತಾನೂ ಬರಿ. ನನ್ನ ದೊಡ್ಡ ಮಗ ಹುಟ್ಟಿದ್ದು ಹಟ್ಟಿ ಆಚೆ, ಸೋಗೆ ಗುಡ್ಲಲ್ಲಿ, ಆಷಾಢದ ಗಾಳೀಲಿ. ರಾತ್ರಿಯೆಲ್ಲ ಮಗೂನ ಸೀರೆ ಒಳಗೆ ಅವಚಿಕೊಂಡು ಕೂತಿದ್ದೆ. ಅದನ್ನ ಬಿಟ್ಟು ಬರೆದ್ರೆ ಹಟ್ಟಿ ಕಥೆ ಅರ್ಧ.

ಹಟ್ಟಿಮಗಳು:
ಅಕ್ಕ, ನಿಮ್ಮ ಮಾತು ಓದಿ ಅಜ್ಜೀನ ಕೈಹಿಡಿದು ದಿಬ್ಬಕ್ಕೆ ಕರ್ಕೊಂಡು ಹೋದೆ. ಗುಡ್ಲು ಎಲ್ಲಿತ್ತು ಅಂದೆ. ಹಳ್ಳದ ಕಡೆ, ಕಲ್ಲಿನ ಸುತ್ತಿಂದ ಸ್ವಲ್ಪ ದೂರ ಕೋಲು ಊರಿ ತೋರಿಸಿದ್ರು. ಆಮೇಲೆ ಹೇಳಿದ್ದು ಇಷ್ಟು ದಿನ ನಮಗ್ಯಾರಿಗೂ ಹೇಳಿರಲಿಲ್ಲ. ಒಂದು ವರ್ಷ ದನ ಎಬ್ಬಿಸೋ ಹೊತ್ತಿಗೆ ರೊಪ್ಪ ಹಾಕಿದ ಆ ತಾತನ ಹೆಂಡತಿ ಹಸಿ ಬಾಣಂತಿ, ಆ ಗುಡ್ಲಲ್ಲಿ. ಅಣ್ಣತಮ್ಮಂದಿರು ದನ ಹೊಡ್ಕೊಂಡು ಹೋದ್ರು, ತಾತ ಉಳಿದ್ರು. ಕುಡಿಯೋ ನೀರಿಗೆ ಹಳ್ಳದಲ್ಲಿ ಚಿಲುಮೆ ತೋಡಿದ್ರು. ಅದೇ ಈಗಿನ ಬಾವಿ. ಮಾರನೇ ವರ್ಷ ಪಕ್ಕದಲ್ಲೇ ರಾಗಿ ಚೆಲ್ಲಿದ್ರು, ಆಮೇಲೆ ಎದ್ದು ಹೋಗಲೇ ಇಲ್ಲ.

ಸೋಮವಾರ ನಕ್ಷೆ ನಕಲಿಗೆ ಅರ್ಜಿ ಹಾಕ್ತೀನಿ ಸಾರ್. ಬಾವಿ ಗುರುತು ಇದೆಯಾ ಅಂತ ಮೊದಲು ನೋಡ್ತೀನಿ. ಬರೆಯೋದನ್ನ ಗುಡ್ಲಿಂದ ಶುರು ಮಾಡಿದ್ದೀನಿ.