38 ಕಿಲೋಹರ್ಟ್ಸ್ ಎಕೋಸೌಂಡರ್ ಕ್ಯಾಲಿಬ್ರೇಶನ್: ಗುಂಡಿನ ರೀಡಿಂಗ್ 2 ಡೆಸಿಬೆಲ್ ಕಡಿಮೆ

ತೆಂಕಣಗಾಳಿ:
ಕಾರವಾರದಾಚೆ 40 ಮೀಟರ್ ಆಳದಲ್ಲಿ ಲಂಗರು ಹಾಕಿದ್ದೇವೆ. ಸ್ಪ್ಲಿಟ್‌ಬೀಮ್, ಅಂದರೆ ನಾಲ್ಕು ಭಾಗಗಳಲ್ಲಿ ಪ್ರತಿಧ್ವನಿ ಕೇಳಿ ಗುರಿಯ ದಿಕ್ಕನ್ನೂ ಹೇಳುವ ಎಕೋಸೌಂಡರ್, ಮೀನು ಅಳೆಯಲು; ಕಳಿಸುವ ಶಬ್ದದ ಪಲ್ಸ್ 1.024 ಮಿಲಿಸೆಕೆಂಡ್. ಪ್ರತಿಧ್ವನಿ ಎಷ್ಟೆಂದು ಮೊದಲೇ ಗೊತ್ತಿರುವ 38.1 ಮಿಲಿಮೀಟರ್ ಟಂಗ್‌ಸ್ಟನ್ ಕಾರ್ಬೈಡ್ ಗುಂಡು ಮೂರು ದಾರಗಳ ಮೇಲೆ 20 ಮೀಟರ್ ಕೆಳಗಿದೆ. ಟಾರ್ಗೆಟ್ ಸ್ಟ್ರೆಂತ್ (ಪ್ರತಿಧ್ವನಿಯ ಬಲ) -42.3 ಡೆಸಿಬೆಲ್ ಬರಬೇಕಿತ್ತು, -44.4 ಬರುತ್ತಿದೆ. ಸೆಟ್ಟಿಂಗಿನಲ್ಲಿ ಶಬ್ದವೇಗ 1500 ಅಂತಲೇ ಇದೆ. ಅದನ್ನು ತಿದ್ದಿದರೆ ಸಾಕೇ? ಇಲ್ಲವೇ ಗೇನ್‌ನಲ್ಲಿ (ಯಂತ್ರದ ಸಂವೇದನೆಯ ಅಂಕಿ) 2.1 ಹೊಂದಿಸಿ ಸರ್ವೆ ಶುರುಮಾಡಬಹುದೇ?

ಅಳಿವೆಬಾಗಿಲು:
ವೇಗ ಮೊದಲು ತಿದ್ದಿ. ನೀರು 28 ಡಿಗ್ರಿ, ಲವಣಾಂಶ 35 ಇದ್ದರೆ ವೇಗ ಸೆಕೆಂಡಿಗೆ ಸುಮಾರು 1541 ಮೀಟರ್. ಸಿಟಿಡಿ (ನೀರಿನ ಉಷ್ಣತೆ, ಲವಣಾಂಶ, ಆಳ ಅಳೆಯುವ ಸಾಧನ) ಇಳಿಸಿ ನಿಮ್ಮ ನೀರಿನದ್ದೇ ಲೆಕ್ಕ ತೆಗೆಯಿರಿ. ಆದರೆ 1500 ಇಟ್ಟದ್ದರಿಂದ ಬರುವ ತಪ್ಪು ಕಾಲು ಡೆಸಿಬೆಲ್ ಆಸುಪಾಸು ಮಾತ್ರ: ದೂರ ಕಡಿಮೆ ಲೆಕ್ಕವಾಗಿ ರೀಡಿಂಗ್ ಇಳಿಯುತ್ತದೆ, ತರಂಗದುದ್ದವೂ ಕಡಿಮೆ ಲೆಕ್ಕವಾಗಿ ಅದರಲ್ಲಿ ಅರ್ಧ ವಾಪಸ್ ಬರುತ್ತದೆ. ಉಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕು.

ಗುಂಡು ಮತ್ತು ದಾರವನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಬರಿಗೈಯಿಂದ ಮುಟ್ಟದೆ ಇಳಿಸಿ, ಗುಳ್ಳೆ ಅಂಟುವುದಿಲ್ಲ. ಪಲ್ಸ್ ನೀರಿನಲ್ಲಿ ಸುಮಾರು 1.6 ಮೀಟರ್ ಹಿಡಿಯುತ್ತದೆ, ಹಾಗಾಗಿ ಗಂಟು, ಭಾರದ ಸೀಸ ಎರಡೂ ಗುಂಡಿನಿಂದ ಕನಿಷ್ಠ 2 ಮೀಟರ್ ದೂರವಿರಲಿ.

ನೀರಾಳ:
ರೀಡಿಂಗ್ ಅಲುಗಾಡುತ್ತಿದೆಯೋ, ಸ್ಥಿರವಾಗಿ ಕಡಿಮೆಯೋ? ಇದನ್ನು ನೋಡದೆ ಏನೂ ಮಾಡಬೇಡಿ. ಪಿಂಗ್‌ನಿಂದ ಪಿಂಗ್‌ಗೆ (ಒಂದು ಪಲ್ಸ್ ಕಳಿಸಿದ್ದರಿಂದ ಮುಂದಿನದಕ್ಕೆ) ಜಿಗಿದರೆ ಹಡಗಿನಡಿ ಗುಳ್ಳೆ ಹರಿಯುತ್ತಿರಬಹುದು, ಇಲ್ಲವೇ ಮೀನು ಗುಂಡಿನ ಹತ್ತಿರ ಸುಳಿಯುತ್ತಿರಬಹುದು. ಎರಡನೆಯದು ರಾತ್ರಿ ಹೆಚ್ಚು, ಆಗ ಗುಂಪು ಬಿಡಿಬಿಡಿಯಾಗುತ್ತದೆ. ಸ್ಥಿರವಾಗಿ ಕಡಿಮೆಯಿದ್ದರೆ ಹಡಗಿನಡಿಯಲ್ಲಿ ಶಬ್ದ ಕಳಿಸಿ ಕೇಳುವ ಟ್ರಾನ್ಸ್‌ಡ್ಯೂಸರ್ ಮುಖದ ಮೇಲೆ ಬಾರ್ನಕಲ್ (ಅಂಟಿಕೊಳ್ಳುವ ಚಿಪ್ಪುಜೀವಿ), ಪಾಚಿ ಕಟ್ಟಿರುವ ಅನುಮಾನ ನನಗೆ ಬಲವಾಗಿದೆ. ಮುಳುಗುಗಾರರಿಂದ ಮೆತ್ತನೆಯ ಬಟ್ಟೆಯಲ್ಲಿ ಒರೆಸಿಸಿ, ಲೋಹದ ಕೆರೆಯುವ ಸಾಧನ ಬೇಡವೇ ಬೇಡ.

ನಾಲ್ಕು ಕ್ವಾಡ್ರಂಟ್‌ಗಳ (ಟ್ರಾನ್ಸ್‌ಡ್ಯೂಸರ್‌ನ ನಾಲ್ಕು ಭಾಗಗಳ) ಇಂಪಿಡೆನ್ಸ್, ಅಂದರೆ ವಿದ್ಯುತ್ ತಡೆ, ಅಳೆದು ಹೋಲಿಸಿ. ಒಂದು ಪೂರ್ತಿ ಸತ್ತಿದ್ದರೆ ಹೋಗಿಬರುವ ದಾರಿಯಲ್ಲಿ ಸುಮಾರು 5 ಡೆಸಿಬೆಲ್ ಬೀಳುತ್ತದೆ, ಗುಂಡಿನ ಸ್ಥಾನವೂ ಓರೆಯಾಗಿ ಕಾಣುತ್ತದೆ. ನಿಮ್ಮದು 2 ಇರುವುದರಿಂದ ಇದಲ್ಲ ಅನ್ನಿಸುತ್ತದೆ, ಆದರೂ ಅಳೆಯಿರಿ.

ಅಳಿವೆಬಾಗಿಲು:
ಗೇನ್ ವಿಷಯ ಬಿಟ್ಟುಹೋಯಿತು. 2.1 ಹೊಂದಿಸಬೇಡಿ. ಗೇನ್ ಕಳಿಸುವಾಗಲೂ ಕೇಳುವಾಗಲೂ ಲೆಕ್ಕಕ್ಕೆ ಬರುತ್ತದೆ, ಅಂದರೆ ತಿದ್ದುಪಡಿ ಅರ್ಧ, 1.05. ಅದೂ ಕಳೆಯಬೇಕು, ಕೂಡಬಾರದು. ಬೀಮ್ ತುಂಬ ಗುಂಡನ್ನು ಓಡಾಡಿಸಿ ಸಾಫ್ಟ್‌ವೇರ್‌ಗೇ ಹೊಂದಿಸಲು ಬಿಡಿ, ಎಸ್‌ಎ ತಿದ್ದುಪಡಿ (ಗುಂಪಿನ ಒಟ್ಟು ಪ್ರತಿಧ್ವನಿ ಲೆಕ್ಕಕ್ಕೆ ಬೇಕಾದದ್ದು) ಅಲ್ಲೇ ಪ್ರತ್ಯೇಕವಾಗಿ ಸಿಗುತ್ತದೆ. ಮುಖ ಕೊಳಕಿದ್ದಾಗಲೇ ಗೇನ್ ಕೂರಿಸಿದರೆ, ಮುಂದೆ ಒರೆಸಿದ ದಿನ ಬೂತಾಯಿ, ಬಂಗುಡೆ ಎಲ್ಲವೂ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿ ಕಾಣುತ್ತವೆ.

ತೆಂಕಣಗಾಳಿ:
ರೀಡಿಂಗ್ ಸ್ಥಿರವಾಗಿಯೇ ಕಡಿಮೆ ಇದೆ. ನಾಳೆ ಬೆಳಿಗ್ಗೆ ಮುಳುಗುಗಾರರನ್ನು ಇಳಿಸುತ್ತೇವೆ, ಒರೆಸಿದ ಮೇಲಿನ ಅಂಕಿ ಇಲ್ಲೇ ಹಾಕುತ್ತೇನೆ.