ಅಪ್‌ಡೇಟ್: ಉಳಿದ ಆಲೂ ಮ್ಯಾಶ್ ಈಗ ಓವನ್‌ನಲ್ಲಿ ಹರಡುತ್ತಿಲ್ಲ

ಹಾಲು, ಬೆಣ್ಣೆ ಹಾಕಿದ ಆಲೂಗಡ್ಡೆ ಮ್ಯಾಶ್ 2 ಕಪ್ ಉಳಿದಿತ್ತು, ಉಂಡೆ ಮಾಡಿ ಬೇಕ್ ಮಾಡಿದರೆ ತಟ್ಟೆ ತುಂಬ ಹರಡಿ ತಳ ಹಿಡಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ತಪ್ಪು ಇದ್ದದ್ದು ತೇವದಲ್ಲಿ. ಬಿಸಿ ಮ್ಯಾಶ್ ಸಡಿಲ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಬಿಗಿದು, ಚಮಚದಲ್ಲಿ ತೆಗೆದರೆ ಗುಡ್ಡೆಯಾಗಿ ನಿಲ್ಲುತ್ತದೆ. ಅದಕ್ಕೆ 1 ಮೊಟ್ಟೆ, ಅರ್ಧ ಕಪ್ ತುರಿದ ಚೀಸ್, 3 ಚಮಚ ಮೈದಾ, ಹಸಿಮೆಣಸು, ಈರುಳ್ಳಿ ಸೊಪ್ಪು. ಉಪ್ಪು ರುಚಿ ನೋಡಿಯೇ ಹಾಕಿ, ಚೀಸ್‌ನಲ್ಲೇ ಸಾಕಷ್ಟಿರುತ್ತದೆ. ಮೊಟ್ಟೆ ಬೇಡವೆಂದರೆ 2 ಚಮಚ ಕಾರ್ನ್‌ಫ್ಲೋರ್, 2 ಚಮಚ ಹುರಿಗಡಲೆ ಪುಡಿ. ಸ್ವಲ್ಪವೂ ಉಬ್ಬುವುದಿಲ್ಲ, ಆದರೆ ಆಕಾರ ಕೆಡುವುದಿಲ್ಲ.

ಮಫಿನ್ ಟ್ರೇಗೆ ಧಾರಾಳವಾಗಿ ಎಣ್ಣೆ ಸವರಿ, ಮುಕ್ಕಾಲು ತುಂಬಿಸಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 200 ಡಿಗ್ರಿ, 25–30 ನಿಮಿಷ. ಅಂಚು ಕಂದುಬಣ್ಣಕ್ಕೆ ತಿರುಗಿ ಟ್ರೇ ಬಿಡುವವರೆಗೆ ಕಾಯಲೇಬೇಕು. ತೆಗೆದ ಕೂಡಲೇ ಕೀಳಬೇಡಿ, ಮುರಿಯುತ್ತದೆ. 5 ನಿಮಿಷ ಆರಲಿ.

ಮಿಕ್ಸಿಗೆ ಹಾಕಿ ಅಂಟಂಟಾದ ಮ್ಯಾಶ್‌ಗೆ ಮಾತ್ರ ಇದ್ಯಾವುದೂ ಕೆಲಸಕ್ಕೆ ಬಾರದು. ಅದು ಬೆಂದ ಮೇಲೂ ಒಳಗೆ ರಬ್ಬರಿನಂತೆಯೇ ಉಳಿಯುತ್ತದೆ.