ಅಪ್‌ಡೇಟ್: ಮಾಲ್ದೀವ್ಸ್‌ನ ಪುಟ್ಟ ದ್ವೀಪಕ್ಕೆ ಹೋಗಿ ಬಂದೆವು

ವಿಶ್ರಾಂತಿಗೆಂದೇ ಮಾಲ್ದೀವ್ಸ್‌ಗೆ ಹೋಗುವವರಿಗೆ ದೊಡ್ಡ ರೆಸಾರ್ಟ್ ಒಳ್ಳೆಯದೋ ಚಿಕ್ಕದೋ ಎಂದು ಕೇಳಿದ್ದೆ. ಹೆಚ್ಚಿನವರು ಚಿಕ್ಕದನ್ನೇ ಸೂಚಿಸಿದಿರಿ. ಹಾಗೆಯೇ ಮಾಡಿದೆವು, ಮನಸ್ಸು ತುಂಬಿಕೊಂಡು ಬಂದಿದ್ದೇವೆ.

ರಾಜಧಾನಿ ಮಾಲೆಯಿಂದ ರೆಸಾರ್ಟ್ ದ್ವೀಪಕ್ಕೆ ಕರೆದೊಯ್ಯುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಹಗಲಿನಲ್ಲಿ ಮಾತ್ರ ಹಾರುತ್ತದೆ ಎಂದು ಒಬ್ಬರು ಎಚ್ಚರಿಸಿದ್ದು ಬಹಳ ಉಪಕಾರವಾಯಿತು. ಬೆಳಿಗ್ಗೆ ಮಾಲೆ ತಲುಪುವ ವಿಮಾನವನ್ನೇ ಹಿಡಿದೆವು. ತಡವಾಗಿ ಇಳಿದವರು ಆ ರಾತ್ರಿಯನ್ನು ಮಾಲೆಯ ಆಸುಪಾಸಿನಲ್ಲೇ ಕಳೆಯಬೇಕಾಗುತ್ತದೆ.

ಅಲ್ಲಿ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ನಮ್ಮದನ್ನು ಸುತ್ತಿಬರಲು ಅರ್ಧ ಗಂಟೆಯೂ ಬೇಡ. ಬೇಸರವಾದೀತೇ ಎಂಬ ನನ್ನ ಅಳುಕನ್ನು ಹವಳದ ದಿಬ್ಬ ಕಳೆಯಿತು. ದಡದಿಂದ ನಾಲ್ಕು ಹೆಜ್ಜೆ ಈಜಿದರೆ ಸಾಕು, ಗಿಳಿಮೀನುಗಳು ಹವಳವನ್ನು ಕಟಕಟ ಕಡಿಯುವ ಸದ್ದು ನೀರಿನೊಳಗೂ ಕೇಳುತ್ತದೆ. ಅವು ನುಂಗಿದ ಹವಳದ ಚೂರುಗಳು ನುಣ್ಣಗಾಗಿ ಹೊರಬಿದ್ದು ಬಿಳಿ ಮರಳಾಗುತ್ತವೆ. ನಾವು ಮಲಗಿದ್ದ ದಡದಲ್ಲಿ ಅವುಗಳ ದುಡಿಮೆಯೂ ಇದೆ ಎಂದು ತಿಳಿದಾಗ ಆ ಮೀನುಗಳ ಮೇಲೆ ಅಕ್ಕರೆ ಹುಟ್ಟಿತು. ಆದರೆ ಅಲ್ಲಲ್ಲಿ ಹವಳ ಬಿಳಿಚಿಕೊಂಡು ನಿಂತಿತ್ತು. 1998 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಇಲ್ಲಿನ ಹವಳ ಅಪಾರವಾಗಿ ಸತ್ತಿದೆ. ದಯವಿಟ್ಟು ಅದರ ಮೇಲೆ ಕಾಲೂರಬೇಡಿ.

ಯಾವ ತಿಂಗಳು ಎಂದು ಕೇಳಿದವರಿಗೆ: ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ನಾವು ಫೆಬ್ರವರಿಯಲ್ಲಿ ಹೋದೆವು. ಕೋಣೆ ಕಾಯ್ದಿರಿಸುವ ಮುನ್ನ, ದಡದಿಂದಲೇ ಈಜಿ ತಲುಪುವಷ್ಟು ಹತ್ತಿರದಲ್ಲಿ ಹವಳವಿದೆಯೇ ಎಂದು ರೆಸಾರ್ಟ್‌ನವರನ್ನು ಕೇಳಿಕೊಳ್ಳಿ. ಎಲ್ಲ ದ್ವೀಪಗಳಲ್ಲೂ ಇರುವುದಿಲ್ಲ.